ಎರಡನೆಯ ಫೈನಲ್: ಕೊಟ್ರವ್ವ ಮೇಡಂ ಮತ್ತು ನಮ್ಮ ಕಬಡ್ಡಿ

ಮಧ್ಯ ಕರ್ನಾಟಕದ ಮಹಿಳಾ ಕಬಡ್ಡಿಯ ಇತಿಹಾಸವನ್ನು ಯಾರಾದರೂ ಬರೆಯಲು ಕುಳಿತರೆ, ಶ್ರೀಮತಿ ಕೊಟ್ರವ್ವನವರ ಹೆಸರನ್ನು ತಪ್ಪಿಸಿ ಮುಂದೆ ಹೋಗಲು ಅವರಿಗೆ ದಾರಿಯೇ ಸಿಗುವುದಿಲ್ಲ. ಆಟಗಾರ್ತಿಯಾಗಿ, ತರಬೇತುದಾರರಾಗಿ, ತೀರ್ಪುಗಾರರಾಗಿ, ದಾವಣಗೆರೆಯ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಿ, ದಾವಣಗೆರೆ–ಹರಿಹರ ಕಬಡ್ಡಿ ಲೀಗಿನ ಮಹಿಳಾ ವಿಭಾಗದ ಕಾರ್ಯದರ್ಶಿಯಾಗಿ ಮೂರು ದಶಕಕ್ಕೂ ಮಿಕ್ಕಿ ದುಡಿದು, ಬರುವ ಮೇ ತಿಂಗಳ ಕೊನೆಗೆ ಅವರು ಕಾಲೇಜಿನ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಹಿತಮಿತವಾಗಿ ಬರೆಯಬೇಕೆಂದು ಈ ಅಭಿನಂದನ ಗ್ರಂಥದ ಸಂಪಾದಕರು ಸೂಚಿಸಿದ್ದಾರೆ. ಹಿತವಾಗಿ ಬರೆಯಬಹುದು; ಮಿತವಾಗಿ ಬರೆಯುವುದು ಮಾತ್ರ ಕಷ್ಟ. ಹೇಳಬೇಕಾದ ಸಂಗತಿಯನ್ನು ನೆನೆದರೆ ಈಗಲೂ ಕುರ್ಚಿಯಲ್ಲಿ ಕೂರಲು ಮನಸ್ಸಾಗುವುದಿಲ್ಲ, ಎದ್ದು ನಿಂತು ಸೀಟಿ ಹೊಡೆಯಬೇಕೆನ್ನಿಸುತ್ತದೆ.

ಕೊಟ್ರವ್ವನವರು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ತಂದೆ ಅಲ್ಲಿನ ಕಾರ್ಖಾನೆಯೊಂದರ ಕಾರ್ಮಿಕರು. ಬೇಸಿಗೆಯಲ್ಲಿ ತುಂಗಭದ್ರೆ ಸೊರಗಿ ಮರಳು ತೆರೆದುಕೊಂಡಾಗ ಓಣಿಯ ಹುಡುಗರು ಅಲ್ಲಿ ಕಬಡ್ಡಿ ಆಡುತ್ತಿದ್ದರು. ಒಂದು ದಿನ ಆಳು ಕಡಿಮೆ ಬಿತ್ತೆಂದು ಲಂಗದ ಹುಡುಗಿ ಕೊಟ್ರವ್ವನನ್ನು ಸೇರಿಸಿಕೊಂಡರು. ಮರುವಾರದಿಂದ ಆಕೆ ಬರದಿದ್ದರೆ ಆಟವೇ ಬೇಡ ಎನ್ನತೊಡಗಿದರು. ಆ ಮರಳಿನಿಂದ ಆಕೆ ವಿಶ್ವವಿದ್ಯಾಲಯದ ತಂಡಕ್ಕೂ, ಅಲ್ಲಿಂದ ರಾಜ್ಯ ತಂಡಕ್ಕೂ ಏರಿದರು. ಹೋದಲ್ಲೆಲ್ಲ ಗೆದ್ದರು, ಗೆದ್ದಲ್ಲೆಲ್ಲ ಪಾತ್ರೆ ತಂದರು. ಗಂಡುಮಕ್ಕಳ ತಂಡಕ್ಕೆ ನಗದು, ಹೆಣ್ಣುಮಕ್ಕಳ ತಂಡಕ್ಕೆ ಸ್ಟೀಲ್ ಡಬ್ಬಿ ಅಥವಾ ಕೊಡ, ಅದು ಆಗಿನ ಪದ್ಧತಿ. “ನಮ್ಮ ಅಡಿಗೆಮನ್ಯಾಗಿನ ಪಾತ್ರೆ ಅರ್ಧಕ್ಕರ್ಧ ನಾನು ಆಡಿ ಗೆದ್ದಿದ್ರಿ. ಇನ್ನೊಂದೆರಡು ವರ್ಷ ಆಡಿದ್ರೆ ಪಾತ್ರೆ ಅಂಗಡಿನೇ ಇಡಬೋದಿತ್ತು,” ಎಂದು ಅವರು ನಗುತ್ತಾರೆ. ಅವರ ಓಣಿಯಲ್ಲೇ ಬೆಳೆದ, ಅವರೇ ಕಾಲು ಹಿಡಿದು ಕೆಡವುತ್ತಿದ್ದ ಇಬ್ಬರು ಹುಡುಗರು ಕಬಡ್ಡಿಯ ಬಲದಿಂದ ಕಾರ್ಖಾನೆಯಲ್ಲಿ ನೌಕರಿ ಹಿಡಿದರು. ರಾಜ್ಯಕ್ಕೆ ಆಡಿದ ಕೊಟ್ರವ್ವನವರಿಗೆ ಅಲ್ಲಿ ಅರ್ಜಿ ಹಾಕಲೂ ಅವಕಾಶವಿರಲಿಲ್ಲ. ಈ ಮಾತು ಹೇಳುವಾಗ ಮಾತ್ರ ಅವರು ನಗುವುದಿಲ್ಲ.

ನಮ್ಮ ಕಾಲೇಜಿಗೆ ಅವರು ಬಂದಾಗ ಮಹಿಳಾ ತಂಡ ಕಾಗದದ ಮೇಲಷ್ಟೇ ಇತ್ತು. ಮನೆಮನೆಗೆ ಹೋಗಿ ಆಟಗಾರ್ತಿಯರನ್ನು ಕೂಡಿಸಿದರು. ಮಗಳು ಚಡ್ಡಿ ಹಾಕಿ ಆಡುವುದಕ್ಕೆ ಸುತರಾಂ ಒಪ್ಪದ ನಿರ್ಮಲಮ್ಮ ಎಂಬ ತಾಯಿಯ ಪಕ್ಕದಲ್ಲಿ ಅಡುಗೆಮನೆಯ ನೆಲದ ಮೇಲೆ ಕುಳಿತು, ಅವರೊಂದಿಗೆ ಅವರೆಕಾಯಿ ಸುಲಿಯುತ್ತ, ಸಂಜೆ ಎದ್ದು ಬರುವಾಗ ಮಗಳನ್ನೂ ಒಂದು ಚೀಲ ಅವರೆಕಾಯಿಯನ್ನೂ ಜೊತೆಗೆ ತಂದ ಕತೆ ಕಾಲೇಜಿನಲ್ಲಿ ಇಂದಿಗೂ ಪ್ರಸಿದ್ಧ. ಕಾಲು ಮುರಿದುಕೊಂಡ ವಿದ್ಯಾರ್ಥಿನಿಯನ್ನು ಪರೀಕ್ಷೆ ಮುಗಿಯುವವರೆಗೂ ಸ್ಕೂಟರಿನ ಮೇಲೆ ಕರೆತಂದು, ಕೊಠಡಿಯೊಳಗೆ ಕೂರಿಸಿ, ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ಪಂದ್ಯ ಮುಗಿದ ಮೇಲೆ ಎಂ.ಸಿ.ಸಿ. ಬಡಾವಣೆಯ ಹೋಟೆಲಿನಲ್ಲಿ ಬೆಣ್ಣೆದೋಸೆ ಕೊಡಿಸುವುದು ಅವರ ರೂಢಿ. ಆದರೆ ತಂಡ ಸೋತ ದಿನ ಮಾತ್ರ. “ಗೆದ್ದೋರಿಗೆ ಊರೇ ತಿನ್ನಿಸ್ತೈತೆ. ಸೋತೋರ್ನ ಯಾರ್ರೀ ಕರೀತಾರೆ?” ಎಂಬುದು ಅವರ ವಾದ. ದೋಸೆಯ ಆಸೆಗೆ ಸೋತವರು ಯಾರೂ ಇಲ್ಲವೆಂದು ನಂಬೋಣ.

ಕೆಲವು ವರ್ಷಗಳ ಹಿಂದೆ ಮಂಡಿಪೇಟೆಯ ವರ್ತಕರು ಕೂಡಿ ಕಬಡ್ಡಿ ಲೀಗನ್ನು ಆರಂಭಿಸಿದಾಗ ನಮ್ಮ ಭಾಗದ ಆಟಕ್ಕೆ ಹೊಸ ಕಳೆ ಬಂತು. ಮ್ಯಾಟು ಬಂತು, ಹೊನಲು ಬೆಳಕು ಬಂತು, ಆಟಗಾರರಿಗೆ ಸೀಸನ್ನಿಗೆ ಇಷ್ಟೆಂದು ಸಂಭಾವನೆ ಬಂತು. ಪ್ರತಿ ಮಾಲೀಕರೂ ಪುರುಷರದೊಂದು, ಮಹಿಳೆಯರದೊಂದು ತಂಡ ಕಟ್ಟಬೇಕೆಂಬ ನಿಯಮವನ್ನು ಹಟ ಹಿಡಿದು ಸೇರಿಸಿದವರು ಕೊಟ್ರವ್ವನವರೇ. ಸಂಭಾವನೆಯ ಮಾತು ಬಂದಾಗ ಮಾತ್ರ ಅವರ ಹಟ ನಡೆಯಲಿಲ್ಲ. ಮಹಿಳೆಯರಿಗೆ ಗೊತ್ತುಮಾಡಿದ್ದು ಪುರುಷರದರಲ್ಲಿ ಮೂರನೆಯ ಒಂದು ಪಾಲು. ಅವರ ಪಂದ್ಯ ಇಳಿಬಿಸಿಲಿನಲ್ಲಿ, ಜನ ಸೇರುವ ಮೊದಲು. ಪುರುಷರದು ದೀಪ ಹತ್ತಿದ ಮೇಲೆ. ಪುರುಷರಿಗೆ ಇಪ್ಪತ್ತು ನಿಮಿಷದ ಎರಡು ಅವಧಿ, ಮಹಿಳೆಯರಿಗೆ ಹದಿನೈದರ ಎರಡು.

ಹರಿಹರ ತಂಡದಲ್ಲಿ ಅಣ್ಣ ತಂಗಿ ಇಬ್ಬರೂ ಇದ್ದರು. ಅಣ್ಣ ವಿಜಯಕುಮಾರ್, ತಂಗಿ ಕಾಟಮ್ಮ. ಇಬ್ಬರೂ ಕೊಟ್ರವ್ವನವರ ಶಿಷ್ಯರು, ಇಬ್ಬರೂ ರೈಡರ್‌ಗಳು. ಒಂದೇ ಮನೆ, ತಾಯಿ ತಟ್ಟಿದ ಒಂದೇ ರೊಟ್ಟಿ, ಬೆಳಗಿನ ಓಟವೂ ಒಂದೇ ರಸ್ತೆಯಲ್ಲಿ. ಸೀಸನ್ ಬಂದರೆ ಅಣ್ಣ ಆಟದ ಸಂಭಾವನೆಯಿಂದ ಆರಾಮಾಗಿರುತ್ತಿದ್ದ. ತಂಗಿ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ತೋರಿಸಿ, ಆಮೇಲೆ ಮೈದಾನಕ್ಕೆ ಓಡಿ ಬರುತ್ತಿದ್ದಳು. ಎರಡು ವರ್ಷದ ಹಿಂದಿನ ಸೀಸನ್ನಿನ ನಡುವೆ ಆಕೆ ಕೊಟ್ರವ್ವನವರ ಬಳಿ ಬಂದು ಹೇಳಿದಳು: “ಮೇಡಂ, ಈ ಸಲ ಮುಗಿಸಿ ಬಿಟ್‌ಬಿಡ್ತೀನ್ರಿ. ಅಣ್ಣಂಗೆ ಆಟಾನೇ ಕೆಲ್ಸ. ನನಗೆ ಕೆಲ್ಸ ಮುಗಿದ್ರೆ ಆಟ. ಎರಡೂ ಆಗವಲ್ದು.”

ಇಷ್ಟು ಚೆನ್ನಾಗಿ ಆಡುವ ಹುಡುಗಿಯರನ್ನು ಕೊಟ್ರವ್ವನವರು ತಮ್ಮ ಸೇವಾವಧಿಯಲ್ಲಿ ನಾಲ್ಕೈದು ಮಂದಿಯನ್ನಷ್ಟೇ ಕಂಡಿದ್ದರು. ತಾವು ಒಮ್ಮೆ ಹೊಟ್ಟೆಗೆ ಹಾಕಿಕೊಂಡ ಅನ್ಯಾಯವನ್ನು ಈಕೆಯೂ ಹೊಟ್ಟೆಗೆ ಹಾಕಿಕೊಂಡು ಅಂಗಡಿಯ ಗಲ್ಲಾ ಪಕ್ಕ ನಿಂತುಬಿಡುವುದನ್ನು ನೆನೆದು ಅವರಿಗೆ ಸಿಟ್ಟೇ ಬಂತು. ಮರುದಿನವೇ ಮಂಡಿಪೇಟೆಗೆ ನಡೆದರು.

ಲೀಗಿನ ಅಧ್ಯಕ್ಷರಾದ ಶ್ರೀ ಬಕ್ಕೇಶಪ್ಪನವರು ಅಕ್ಕಿಯ ಸಗಟು ವ್ಯಾಪಾರಿಗಳು. ಅವರ ಅಂಗಡಿಯ ಗಾದಿಯ ಮೇಲೆಯೇ ಲೀಗಿನ ಸಭೆ ನಡೆಯುವುದು. ಕೊಟ್ರವ್ವನವರು ವಿಷಯ ಎತ್ತಿದರು: ದೇಶದ ಕ್ರಿಕೆಟ್ ಮಂಡಳಿಯೇ ಹೆಣ್ಣಿಗೂ ಗಂಡಿಗೂ ಪಂದ್ಯದ ಶುಲ್ಕ ಒಂದೇ ಮಾಡಿದೆ, ಟೆನಿಸ್ಸಿನ ದೊಡ್ಡ ಪಂದ್ಯಾವಳಿಗಳಲ್ಲಿ ಬಹುಮಾನ ಎಂದೋ ಸಮ ಆಗಿದೆ, ನಮ್ಮೂರಿಗೆ ಏನಾಗಿದೆ? ತಂಡವೊಂದರ ಮಾಲೀಕ, ಲೆಕ್ಕಪರಿಶೋಧಕ ರವಿಚಂದ್ರ, ನಯವಾಗಿಯೇ ಉತ್ತರಿಸಿದರು: “ಮೇಡಂ, ಅವರತ್ರ ದುಡ್ಡೈತೆ. ನಮ್ಮದು ಮಾರ್ಕೆಟ್ ಮೇಲೆ ನಡೆಯೋದು. ಟಿಕೆಟ್ ತಗೊಳ್ಳೋರು ಹುಡುಗ್ರ ಆಟ ನೋಡಾಕೆ ಬರ್ತಾರೆ. ಅದೂ ಅಲ್ದೆ ಹುಡುಗೇರು ಹತ್ತು ನಿಮಿಷ ಕಡಿಮೆ ಆಡ್ತಾರೆ.”

“ಕಡಿಮೆ ಆಡ್ತೀವಿ ಅಂತ ನಾವು ಯಾವಾಗ ಅಂದ್ವಿ? ಸೀಟಿ ಊದಿ ನಿಲ್ಸೋರು ನೀವು,” ಎಂದರು ಕೊಟ್ರವ್ವನವರು. “ಜನ ಬರೋ ಹೊತ್ತಿಗೆ ಆಡಾಕೆ ಬಿಟ್ಟಿಲ್ಲ, ಜನ ಬರಲ್ಲ ಅಂತೀರಿ. ಒಂದು ಸಲ ಕೊನೇ ಆಟ ನಮಗೆ ಕೊಡ್ರಿ. ಇಪ್ಪತ್ತಿಪ್ಪತ್ತು ನಿಮಿಷ.”

ಬಕ್ಕೇಶಪ್ಪನವರು ವ್ಯಾಪಾರಸ್ಥರು, ಷರತ್ತಿಲ್ಲದೆ ಒಪ್ಪುವ ಜಾಯಮಾನವಲ್ಲ. ಫೈನಲ್ ದಿನ ಪುರುಷರ ಪಂದ್ಯ ಮೊದಲು, ಮಹಿಳೆಯರದು ಕೊನೆಗೆ, ಅವರಿಗೂ ಇಪ್ಪತ್ತಿಪ್ಪತ್ತು ನಿಮಿಷ. ಜನ ನಿಂತು ನೋಡಿದರೆ ಮುಂದಿನ ಸೀಸನ್ನಿಗೆ ಸಮಾನ ಸಂಭಾವನೆ. ಎದ್ದು ಹೋದರೆ ಮೇಡಂ ಈ ಮಾತನ್ನು ಮತ್ತೆ ಎತ್ತಬಾರದು. ಪುರುಷರ ಆಟಕ್ಕೆ ಯಾರೂ ಎಂದೂ ಇಂಥ ಪರೀಕ್ಷೆ ಒಡ್ಡಿರಲಿಲ್ಲವೆಂಬುದು ಕೊಟ್ರವ್ವನವರಿಗೆ ತಿಳಿಯದ್ದೇನಲ್ಲ. ಆದರೂ ಆಸೆ ದೊಡ್ಡದು, ಕಾಟಮ್ಮ ಕೈತಪ್ಪುವ ಭಯ ಇನ್ನೂ ದೊಡ್ಡದು. ಅವರು ಒಪ್ಪಿಕೊಂಡುಬಿಟ್ಟರು.

ಆ ಫೈನಲ್! ದಾವಣಗೆರೆಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುರುಷರ ವಿಭಾಗದಲ್ಲಿ ವಿಜಯಕುಮಾರನ ಹರಿಹರ ತಂಡ ಗೆದ್ದಿತು, ಪಟಾಕಿ ಹಾರಿತು, ಹುಡುಗರು ವಿಜಯಕುಮಾರನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಷ್ಟರಲ್ಲಿ ಕೊಟ್ರವ್ವನವರು ತಿರುಗಿ ನೋಡುತ್ತಾರೆ, ಶಾಮಿಯಾನದ ಕುತುಬುದ್ದೀನ್ ಸಾಹೇಬರ ಕೆಲಸಗಾರರು ಸಾಲುಸಾಲಾಗಿ ಕುರ್ಚಿ ಮಡಚಿ ಟೆಂಪೋಗೆ ಏರಿಸುತ್ತಿದ್ದಾರೆ! ಹುಡುಗರ ಫೈನಲ್ ಮುಗಿದರೆ ಪಂದ್ಯಾವಳಿ ಮುಗಿಯಿತು, ಪಟಾಕಿ ಸದ್ದಾದರೆ ಕುರ್ಚಿ ಎತ್ತಬೇಕು. ಅದು ಅವರ ಕೈಗಳಿಗೆ ವರ್ಷಗಳಿಂದ ಒಗ್ಗಿಹೋದ ಕೆಲಸ. ಕುರ್ಚಿ ಹೋದದ್ದೇ ಜನವೂ ಎದ್ದರು.

ಕೊಟ್ರವ್ವನವರು ಸೀಟಿ ಊದುತ್ತ ಓಡಿದರು. “ಕುತುಬುದ್ದೀನ್ ಸಾಬ್ರೇ, ಯಾಕ ಎತ್ತಾಕತ್ತೀರಿ? ಇನ್ನೂ ಫೈನಲ್ ಐತೆ!”

“ಫೈನಲ್ ಆತಲ್ರೀ ಮೇಡಮ್ಮಾರೆ! ಈಗ ಪಟಾಕಿ ಹೊಡೆದ್ರು!”

“ಅದೊಂದು ಫೈನಲ್. ಇದು ಇನ್ನೊಂದು!”

ಕುತುಬುದ್ದೀನ್ ಸಾಹೇಬರು ತಲೆ ಮೇಲೆ ಕೈ ಹೊತ್ತುಕೊಂಡರು. ಕುರ್ಚಿ ಇಳಿಸಿ ಎಂದು ಕೂಗಿದರೆ, ಅರ್ಧ ತುಂಬಿದ ಟೆಂಪೋ ಅದಾಗಲೇ ಗೇಟಿಗೆ ಅಡ್ಡ ನಿಂತು ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಹೊರಗೆ ಹೋಗಲು ಹೊರಟವರು ಅಲ್ಲೇ ಸಿಕ್ಕಿಕೊಂಡರು. ಕೂರಲು ಕುರ್ಚಿ ಇಲ್ಲ, ಹೋಗಲು ದಾರಿ ಇಲ್ಲ. ಆ ಗದ್ದಲದಲ್ಲೇ ಪಂದ್ಯ ಶುರುವಾಯಿತು. ಹೊತ್ತು ಕಳೆಯಲೆಂದು ಹಗ್ಗದ ಹತ್ತಿರ ಬಂದು ನಿಂತವರು ಮೊದಲ ರೈಡಿಗೇ ‘ಅಬ್ಬಾ’ ಎಂದರು. ಕಾಟಮ್ಮ ಎದುರಾಳಿಗಳ ನಡುವೆ ನುಸುಳಿ ನಡುಗೆರೆ ಮುಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಟೆಂಪೋ ಸರಿಯಿತು, ಗೇಟು ತೆರೆಯಿತು. ಕೆಲವರು ಹೋದರು. ಮಿಕ್ಕವರು ಹಗ್ಗಕ್ಕೆ ಇನ್ನಷ್ಟು ಒತ್ತಿಕೊಂಡು ನಿಂತರು.

ದಾವಣಗೆರೆ ತಂಡದ ಪೂಜಾ ಸಾಮಾನ್ಯ ಆಟಗಾರ್ತಿಯಲ್ಲ. ಎಡಮೂಲೆಯಲ್ಲಿ ನಿಂತು ಒಬ್ಬೊಬ್ಬರ ಪಾದ ಹಿಡಿದು ಎಳೆದಳೆಂದರೆ ಮುಗಿಯಿತು. ಎರಡನೆಯ ಅವಧಿಯ ಹದಿನೈದು ನಿಮಿಷ ಕಳೆದಾಗ ಹರಿಹರ ಆರು ಅಂಕ ಹಿಂದಿತ್ತು. ಹಳೆಯ ನಿಯಮವಿದ್ದಿದ್ದರೆ ಅಲ್ಲಿಗೆ ಸೀಟಿ, ಅಲ್ಲಿಗೆ ಸೋಲು. ಆದರೆ ಆ ಸಂಜೆ ಹುಡುಗಿಯರಿಗೆ ಇನ್ನೂ ಐದು ನಿಮಿಷ ಉಳಿದಿತ್ತು! ಕಾಟಮ್ಮ ಒಳನುಗ್ಗಿದಳು. ಪೂಜಾ ಆಕೆಯ ಕಾಲು ಹಿಡಿದಳು, ಇನ್ನಿಬ್ಬರು ಮೇಲೆ ಬಿದ್ದರು. ಮೂವರನ್ನೂ ಎಳೆದುಕೊಂಡು ಆಕೆ ಹೊಟ್ಟೆಯ ಮೇಲೆ ತೆವಳಿ, ಕೈ ಚಾಚಿ, ಬೆರಳ ತುದಿಯಿಂದ ನಡುಗೆರೆ ಮುಟ್ಟಿದಳು. ಮೈದಾನ ಹುಚ್ಚೆದ್ದು ಕೂಗಿತು. ಮುಂದಿನ ರೈಡುಗಳಲ್ಲಿ ದಾವಣಗೆರೆ ಆಲ್‌ಔಟ್. ಕೊನೆಯ ಸೀಟಿಗೆ ಹರಿಹರ ಒಂದೇ ಒಂದು ಅಂಕದಿಂದ ಮುಂದು. ವಿಜಯಕುಮಾರ್ ತಂಗಿಯನ್ನು ಎತ್ತಿಕೊಂಡು ಕುಣಿದ. ಕೊಟ್ರವ್ವನವರು ಅಳುತ್ತಿದ್ದರು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಬಹುಮಾನ ವಿತರಣೆಯ ವೇದಿಕೆಯಲ್ಲಿ ಬಕ್ಕೇಶಪ್ಪನವರು ಮೈಕ್ ಹಿಡಿದರು. “ಜನ ನಿಂತಾರೆ. ಕೊಟ್ಟ ಮಾತು ಉಳಿಸ್ಕೊಳ್ತೀನಿ. ಮುಂದಿನ ಸೀಸನ್‌ಗೆ ಹೆಣ್ಮಕ್ಕಳಿಗೂ ಅಷ್ಟೇ!” ಎಂದರು. ಚಪ್ಪಾಳೆಯ ನಡುವೆಯೇ ಪಕ್ಕದಲ್ಲಿದ್ದ ರವಿಚಂದ್ರ ಗೊಣಗಿದರು: “ಗೇಟಿಗೆ ಟೆಂಪೋ ಅಡ್ಡ ಇತ್ತಲ್ರೀ, ಎಲ್ಲಿಗೆ ಹೋಗ್ತಾರೆ ಜನ?”

ಆ ಮಾತು ಕೊಟ್ರವ್ವನವರ ಕಿವಿಗೆ ಬಿತ್ತು. ಇನ್ನೊಬ್ಬರಾಗಿದ್ದರೆ ಕೇಳಿಸದವರಂತೆ ಮಾಲೆ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮ ಮೇಡಂ ಮೈಕ್ ಕೇಳಿ ತೆಗೆದುಕೊಂಡರು. “ಜನ ಟೆಂಪೋಗೆ ನಿಂತರೋ ಕಾಟಮ್ಮಗೆ ನಿಂತರೋ ಅಂತ ನಾನು ಜಗಳ ತೆಗೆಯಲ್ಲ. ಷರತ್ತಿಗೆ ಒಪ್ಪಿದ್ದೇ ನನ್ನ ತಪ್ಪು. ಇವತ್ತು ಜನ ನಿಂತ್ರು ಅಂತ ಕೊಟ್ರೆ, ನಾಳೆ ಜನ ಬರ್ಲಿಲ್ಲ ಅಂತ ಕಿತ್ಕೊಳ್ತೀರಿ. ಹಂಗಾದ್ರೆ ಬ್ಯಾಡ. ಆಡಿದ್ದಕ್ಕೆ ಕೊಡೋದಿದ್ರೆ ಕೊಡ್ರಿ.”

“ಕೊಡ್ತೀನಿ ಅಂದ್ರೂ ಬ್ಯಾಡ ಅಂತೀರಲ್ರೀ! ನಿಮಗೆ ಹೆಂಗೆ ಹೇಳೋದು?” ಎಂದು ಬಕ್ಕೇಶಪ್ಪನವರು ಸಿಡಿಮಿಡಿಗೊಂಡು ಇಳಿದು ಹೋದರು. ಮರುದಿನ ಕಾಟಮ್ಮ ಮೇಡಂ ಮನೆಗೆ ಬಂದು, ಕೊಟ್ಟ ಕಾಫಿಯನ್ನೂ ಮುಟ್ಟದೆ, “ಕೈಗೆ ಬಂದಿದ್ದು ಯಾಕ ಬಿಟ್ರಿ ಮೇಡಂ?” ಎಂದು ಕೇಳಿದಳು. ತಮ್ಮ ಮಾತಿನ ಬಿಸಿಗೆ ಈ ಹುಡುಗಿಯ ಬದುಕು ಸುಟ್ಟುಹೋಯಿತೇ ಎಂಬ ಅಳುಕು ಹಲವು ದಿನ ಕೊಟ್ರವ್ವನವರನ್ನು ಕಾಡಿತು. ಸೋತ ಪೂಜಾಳ ತಂಡಕ್ಕೆ ಎಂದಿನಂತೆ ದೋಸೆ ಕೊಡಿಸಿದರು; ತಾವು ಮಾತ್ರ ಒಂದು ತುಂಡೂ ತಿನ್ನಲಿಲ್ಲವೆಂದು ಪೂಜಾ ಆಮೇಲೆ ಹೇಳಿದಳು.

ಎರಡು ವಾರ ಕಳೆದು ಬಕ್ಕೇಶಪ್ಪನವರಿಂದ ಕರೆ ಬಂತು. ಮೇಡಂ ಅಂಗಡಿಗೆ ಹೋದಾಗ ಲಾರಿಯಿಂದ ಅಕ್ಕಿ ಇಳಿಯುತ್ತಿತ್ತು. ಬಕ್ಕೇಶಪ್ಪನವರು ಹಮಾಲರ ಕಡೆ ಕೈ ತೋರಿಸಿ ಹೇಳಿದರು: “ಕೂಡ್ರಿ ಮೇಡಂ. ಈ ವಾರ ಅಕ್ಕಿ ರೇಟು ನೆಲ ಕಚ್ಚೈತೆ. ಈ ಲೋಡಿಗೆ ನನಗೆ ಲಾಸೇ. ಮುಂಜಾನೆ ಹಮಾಲಿ ಕೊಡುವಾಗ ನಿಮ್ಮ ಮಾತು ನೆನಪಾತು. ರೇಟು ಬಿತ್ತು ಅಂತ ಇವರ ಕೂಲಿ ನಾನು ಯಾವತ್ತಾರ ಮುರಿದೀನೇನ್ರಿ? ರೇಟು ಏರಿದ್ರೂ ಚೀಲಕ್ಕಿಷ್ಟು, ಇಳಿದ್ರೂ ಚೀಲಕ್ಕಿಷ್ಟು. ಹೊತ್ತಿದ್ದಕ್ಕೆ ಕೂಲಿ. ಲಾಭ ಲುಕ್ಸಾನು ನಂದು, ಅವರದಲ್ಲ. ನಲವತ್ತು ವರ್ಷ ಹಿಂಗೇ ನಡೆಸೀನಿ, ಕಬಡ್ಡಿಗೆ ಬಂದ ಕೂಡ್ಲೆ ಮರೆತಿದ್ದೆ ನೋಡ್ರಿ.”

ರವಿಚಂದ್ರ ಸುಲಭಕ್ಕೆ ಒಪ್ಪಲಿಲ್ಲ. ಟಿಕೆಟ್ಟು, ಜಾಹೀರಾತು, ಹುಡುಗರ ಅಸಮಾಧಾನ ಎಂದೆಲ್ಲ ವಾದಿಸಿದರು. ಅವರ ವಾದದಲ್ಲಿ ಹುರುಳಿಲ್ಲವೆಂದು ಯಾರೂ ಅನ್ನಲಿಲ್ಲ. ಲೀಗಿಗೆ ಕೈ ಬಿಗಿಯಾಗುವುದು ನಿಜ, ಒಂದು ಸೀಸನ್ ಪಟಾಕಿ, ಆರ್ಕೆಸ್ಟ್ರಾ ನಿಲ್ಲಿಸಬೇಕಾದದ್ದೂ ನಿಜ. ಆದರೆ ಗಾದಿಯ ಮೇಲೆ ಕುಳಿತಿದ್ದ ಮಿಕ್ಕ ವರ್ತಕರಿಗೆ ಚೀಲದ ಮಾತು ಕೂಡಲೇ ಅರ್ಥವಾಯಿತು. ಷರತ್ತಿಲ್ಲದೆ ನಿರ್ಧಾರವಾಯಿತು: ಅದೇ ಅವಧಿ, ಅದೇ ಸಂಭಾವನೆ, ಕೊನೆಯ ಪಂದ್ಯ ಸರದಿಯ ಮೇಲೆ. ಕಾಟಮ್ಮ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಮತ್ತೆ ಬೆಳಗಿನ ಓಟಕ್ಕೆ ಇಳಿದಳು.

ಕಳೆದ ಸೀಸನ್ನಿನಲ್ಲಿ ಹರಿಹರದ ಮೈದಾನದಲ್ಲಿ ಮಹಿಳೆಯರ ಒಂದು ಪಂದ್ಯ ಅಮಾವಾಸ್ಯೆಯ ದಿನ ಬಿತ್ತು. ಆ ದಿನ ಈ ಕಡೆಯ ಜನವೆಲ್ಲ ದೇವರ ದರ್ಶನಕ್ಕೆಂದು ಉಕ್ಕಡಗಾತ್ರಿಯ ಬಸ್ಸು ಹತ್ತಿರುತ್ತಾರೆಂಬುದು ವೇಳಾಪಟ್ಟಿ ಮಾಡಿದವರಿಗೆ ಹೊಳೆದಿರಲಿಲ್ಲ. ಮೈದಾನ ಬಿಕೋ ಎನ್ನುತ್ತಿತ್ತು. ನೋಡಲು ಇದ್ದವರು ಆಟಗಾರ್ತಿಯರ ಮನೆಯವರು, ಒಬ್ಬ ಐಸ್‌ಕ್ಯಾಂಡಿಯವನು, ಮತ್ತು ಕೊಟ್ರವ್ವನವರು. ಕಾಟಮ್ಮ ಅಂದೂ ಹಾಗೆಯೇ ಆಡಿದಳು, ತೆವಳಿ ಗೆರೆ ಮುಟ್ಟಿದಳು. ಸೀಸನ್ ಮುಗಿದು ಎಲ್ಲರ ಖಾತೆಗೆ ಸಂಭಾವನೆ ಬಿದ್ದ ಬೆಳಿಗ್ಗೆ ಮೇಡಂ ತಾವಾಗಿಯೇ ಆಕೆಗೆ ಫೋನು ಮಾಡಿದರು. ಆ ಖಾಲಿ ಮೈದಾನ ಅವರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

“ಬಂತೇನಮ್ಮಾ?”

“ಬಂತ್ರೀ ಮೇಡಂ.”

“ಎಷ್ಟು ಬಂತು?”

“ಅಣ್ಣನಷ್ಟೇ ರೀ.”

ಫೋನಿಟ್ಟು ಕೊಟ್ರವ್ವನವರು ಕಾಲೇಜಿನ ಕಾರಿಡಾರಿನಲ್ಲಿ ಸೀಟಿ ಊದಿಬಿಟ್ಟರು. ಪಾಠ ನಡೆಯುತ್ತಿದ್ದ ಕೊಠಡಿಗಳಿಂದ ನಾವೆಲ್ಲ ಗಾಬರಿಯಿಂದ ಹೊರಗೆ ಬಂದೆವು; ವಿಷಯ ತಿಳಿದ ಮೇಲೆ ಪ್ರಾಂಶುಪಾಲರಾದಿಯಾಗಿ ಯಾರೂ ಒಳಗೆ ಹೋಗಲಿಲ್ಲ.

ಇಂಥ ಕೊಟ್ರವ್ವನವರು ಜೂನ್ ತಿಂಗಳಿಂದ ಹರಿಹರದಲ್ಲಿ ಬಾಲಕಿಯರಿಗಾಗಿ ಕಬಡ್ಡಿ ತರಬೇತಿ ಕೇಂದ್ರ ತೆರೆಯುತ್ತಿದ್ದಾರೆ. ನಿವೃತ್ತಿಯೆಂಬ ಪದವನ್ನು ಅವರು ಕಾಲೇಜಿನ ಕಡತಕ್ಕೆ ಬಿಟ್ಟುಕೊಟ್ಟಿದ್ದಾರೆ. ಅವರಿಗೆ ಗಟ್ಟಿ ಆರೋಗ್ಯವಿರಲಿ, ತುಂಬು ಆಯುಷ್ಯವಿರಲಿ. ಅವರ ಕೈಕೆಳಗೆ ಬೆಳೆಯುವ ಹುಡುಗಿಯರು ಜನ ಕಿಕ್ಕಿರಿದ ಸಂಜೆಯಲ್ಲೂ ಜನವಿಲ್ಲದ ಅಮಾವಾಸ್ಯೆಯಲ್ಲೂ ಆಡಲಿ, ಆಡಿದ್ದಕ್ಕೆ ತಕ್ಕದ್ದನ್ನು ಕೇಳಿ ಪಡೆಯಲಿ. ಮೇಡಂ ಹಗ್ಗದಾಚೆ ನಿಂತು, ಗಂಟಲು ಬಿದ್ದುಹೋಗುವವರೆಗೂ ಅವರ ಹೆಸರು ಹಿಡಿದು ಕೂಗುತ್ತಿರಲಿ.